ಗ್ರಂಧಿಗೆ ಅಂಗಡಿ ಮತ್ತು ಮನೆಮದ್ದು

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮೈಸೂರು ಸೀಮೆಯ ಜನರು ಸೇವಿಸಿದ ಔಷಧಗಳನ್ನು ಆಸ್ಪತ್ರೆಯ ದಾಖಲೆಗಳಿಂದ ಮಾತ್ರವೇ ಅಳೆಯುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ. ಸಣ್ಣ ಊರುಗಳಲ್ಲಿ ಮದ್ದಿನ ಸಾಮಗ್ರಿ ದೊರೆಯುತ್ತಿದ್ದುದು ಗ್ರಂಧಿಗೆ ಅಂಗಡಿಯಲ್ಲಿ. ಅಲ್ಲಿ ಬಜೆ, ಹಿಪ್ಪಲಿ, ಅಳಲೆಕಾಯಿ, ಜ್ಯೇಷ್ಠಮಧುಗಳು ಅರಿಸಿನ ಕುಂಕುಮಗಳ ಜೊತೆಗೇ ಮಾರಾಟವಾಗುತ್ತಿದ್ದವು. ಶುಂಠಿ, ಮೆಣಸು, ಓಮಗಳಂತೂ ಅಡಿಗೆಗೋ ಕಷಾಯಕ್ಕೋ ಎಂಬುದು ಮಾರಿದವನಿಗೂ ತಿಳಿಯದು. ಅದನ್ನು ನಿಶ್ಚಯಿಸುತ್ತಿದ್ದವಳು ಮನೆಯ ಅಜ್ಜಿ. 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನದಂತಹವು ಹೆಸರಿಟ್ಟು ಮಾರಿದ ಮದ್ದುಗಳು. ಅವುಗಳ ಉಪಯೋಗವನ್ನು ಹೆಸರೇ ಸಾರುತ್ತಿತ್ತು. ಆದುದರಿಂದಲೇ ಇತಿಹಾಸಕಾರನ ಕಣ್ಣಿಗೆ ಸೀಸೆ ಬೇಗನೆ ಬೀಳುತ್ತದೆ, ಪೊಟ್ಟಣ ಬೀಳುವುದಿಲ್ಲ. ಬಾಣಂತಿಯ ಮನೆಗೆ ಹೋದ ಮೆಣಸನ್ನು ಸಂಬಾರದ ಲೆಕ್ಕಕ್ಕೆ ಸೇರಿಸಿಬಿಡುವುದು ಬಹಳ ಸುಲಭ. ನಾವೂ ಮೊದಲು ಹಾಗೆಯೇ ಮಾಡಿದ್ದೆವು.