ಆದೇಶ ಒಬ್ಬರಿಗೆ, ಪಯಣ ಮನೆಮಂದಿಗೆ: ಅಮೆರಿಕದ ಪೂರ್ಣಾವಧಿ ಮೀಸಲು ಸೈನಿಕರ ಕುಟುಂಬ ಸ್ಥಳಾಂತರ

ಅಮೆರಿಕದ ಸೇನಾ ಕುಟುಂಬಗಳನ್ನು ಕುರಿತ ಸಮಾಜಶಾಸ್ತ್ರೀಯ ಬರವಣಿಗೆ ಬಹುಮಟ್ಟಿಗೆ ಎರಡು ಚಿತ್ರಗಳ ಸುತ್ತ ಬೆಳೆದಿದೆ. ಒಂದು, ಎರಡು ಮೂರು ವರ್ಷಕ್ಕೊಮ್ಮೆ ಒಂದು ನೆಲೆಯಿಂದ ಮತ್ತೊಂದಕ್ಕೆ ವರ್ಗವಾಗುವ ಕಾಯಂ ಸೈನಿಕನ ಮನೆ. ಇನ್ನೊಂದು ಮೀಸಲು ಸೈನಿಕನ ಮನೆ. ಆತ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ ಸಮವಸ್ತ್ರ ತೊಟ್ಟು, ಉಳಿದ ದಿನ ಊರಿನಲ್ಲೇ ತನ್ನ ಕೆಲಸ ಮಾಡಿಕೊಂಡಿರುತ್ತಾನೆ. ಯುದ್ಧಕ್ಕೆ ಕರೆ ಬಂದರೂ ಹೊರಡುವವನು ಅವನೊಬ್ಬನೇ, ಮನೆ ಇದ್ದಲ್ಲೇ ಇರುತ್ತದೆ. ಈ ಎರಡರಲ್ಲಿ ಯಾವುದಕ್ಕೂ ಸೇರದ ಮೂರನೆಯ ಗುಂಪೊಂದಿದೆ. ಮೀಸಲು ಪಡೆಯೊಳಗೇ ಪೂರ್ಣಾವಧಿ ಹುದ್ದೆ ಹಿಡಿದ ಇವರನ್ನು ‘ಆಕ್ಟಿವ್ ಗಾರ್ಡ್ ರಿಸರ್ವ್’, ಬಳಕೆಯ ಮಾತಿನಲ್ಲಿ ಎಜಿಆರ್, ಎನ್ನುತ್ತಾರೆ. 2022ರ ಆರ್ಥಿಕ ವರ್ಷಕ್ಕೆ ಅಲ್ಲಿನ ಕಾಂಗ್ರೆಸ್ ಭೂಸೇನೆಯ ಮೀಸಲು ಪಡೆಗೆ 16,511 ಹಾಗೂ ಭೂಸೇನಾ ನ್ಯಾಷನಲ್ ಗಾರ್ಡಿಗೆ 30,845 ಇಂಥ ಹುದ್ದೆಗಳನ್ನು ಮಂಜೂರು ಮಾಡಿತ್ತು. ಸಣ್ಣ ಸಂಖ್ಯೆಯೇನಲ್ಲ.

ಕಾಯಂ ಸೈನಿಕನ ವರ್ಗಾವಣೆ ಈ ಮನೆಗಳ ಪಾಲಿಗೂ ಬಂದಿದೆ. ಆ ವರ್ಗಾವಣೆಯನ್ನು ಸಹ್ಯವಾಗಿಸಲೆಂದು ದಶಕಗಳಿಂದ ಬೆಳೆದ ಆಸರೆ ಮಾತ್ರ ಅರೆಬರೆಯಾಗಿ ದಕ್ಕಿದೆ ಎಂಬುದು ಈ ಲೇಖನದ ವಾದ. ಎಷ್ಟು ದಕ್ಕೀತು ಎಂಬುದು ಮನೆಯ ಕಷ್ಟವನ್ನು ನೋಡಿ ನಿರ್ಧಾರವಾಗುವುದಿಲ್ಲ. ಆದೇಶಪತ್ರ ಯಾವ ಕಾನೂನಿನ ಅಡಿ ಹೊರಟಿದೆ ಎಂಬುದೇ ಅದನ್ನು ನಿರ್ಧರಿಸುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಕಡ್ಡಾಯ ಸೇನಾಭರ್ತಿ 1973ರಲ್ಲಿ ನಿಂತಿತು. ಅದೇ ವರ್ಷ ‘ಟೋಟಲ್ ಫೋರ್ಸ್’ ಎಂಬ ಚಿಂತನೆ ರಕ್ಷಣಾ ಇಲಾಖೆಯ ಅಧಿಕೃತ ನೀತಿಯಾಗಿ, ಮೀಸಲು ಪಡೆಗಳನ್ನು ಕಾಯಂ ಸೇನೆಯ ಜೊತೆಗೇ ಲೆಕ್ಕ ಹಿಡಿಯತೊಡಗಿದರು. ಕರೆ ಬಂದ ಕೂಡಲೇ ಹೊರಡಬೇಕಾದ ಪಡೆಗೆ ಸಂಬಳದ ಕಡತ, ತರಬೇತಿಯ ವೇಳಾಪಟ್ಟಿ, ಆಯುಧಗಳ ನಿಗಾ, ಹೊಸಬರ ಭರ್ತಿ ಎಲ್ಲವನ್ನೂ ದಿನವೂ ನೋಡಿಕೊಳ್ಳುವವರು ಬೇಕು. ಎಜಿಆರ್ ಸೈನಿಕರದು ಆ ಕೆಲಸ. ಉಳಿದವರು ಕವಾಯತಿಗೆ ಬರುವ ವಾರಾಂತ್ಯದಲ್ಲಿ ಇವರಿಗೂ ರಜೆಯಿಲ್ಲ ಎಂಬುದನ್ನು ಮನೆಯವರು ಬೇಗನೆ ಕಲಿಯುತ್ತಾರೆ.

ಸಮಾಜಶಾಸ್ತ್ರಜ್ಞೆ ಮೇಡಿ ಸೀಗಲ್ 1986ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸೇನೆಯನ್ನೂ ಕುಟುಂಬವನ್ನೂ ‘ಹಪಾಹಪಿಯ ಸಂಸ್ಥೆ’ಗಳೆಂದು ಕರೆದರು. ಲೂಯಿಸ್ ಕೋಸರ್ 1974ರಲ್ಲಿ ರೂಪಿಸಿದ ಪರಿಕಲ್ಪನೆಯದು: ವ್ಯಕ್ತಿಯ ಸಮಯ, ನಿಷ್ಠೆ, ಬಲವನ್ನೆಲ್ಲ ತನಗೇ ಬೇಕೆನ್ನುವ ಸಂಸ್ಥೆ. ಇಸ್ರೇಲಿನ ಮೀಸಲು ಸೈನಿಕರನ್ನು ಕುರಿತು ಲೋಮ್‌ಸ್ಕಿ-ಫೆಡರ್, ಗಜಿತ್ ಮತ್ತು ಬೆನ್-ಆರಿ 2008ರಲ್ಲಿ ಬರೆಯುತ್ತ, ನಾಗರಿಕ ಲೋಕ ಮತ್ತು ಸೇನಾ ಲೋಕದ ನಡುವೆ ಮತ್ತೆ ಮತ್ತೆ ಗಡಿ ದಾಟುವ ವಲಸಿಗರಿಗೆ ಅವರನ್ನು ಹೋಲಿಸಿದರು. ಎರಡೂ ಉಪಯುಕ್ತ. ಆದರೆ ಎರಡನೆಯದರಲ್ಲಿ ವಲಸೆ ಹೋಗುವವನು ಸೈನಿಕ ಮಾತ್ರ. ಅವನು ಪೂರ್ಣಾವಧಿ ಹುದ್ದೆ ಒಪ್ಪಿದಾಗ ಈ ಗಡಿ ದಾಟುವಿಕೆ ನಿಲ್ಲುತ್ತದೆ, ಅದುವರೆಗೆ ಊರಲ್ಲಿ ಬೇರೂರಿದ್ದ ಹೆಂಡತಿ ಮಕ್ಕಳ (ಸೈನಿಕರೇ ಹೆಣ್ಣಾಗಿದ್ದರೆ ಗಂಡನ) ವಲಸೆ ಶುರುವಾಗುತ್ತದೆ. ಈ ಅದಲುಬದಲಿನ ಕಡೆಗೆ ಸಿದ್ಧಾಂತಕಾರರ ಗಮನ ಹರಿದದ್ದು ಕಡಿಮೆ.

ಹಾಗಾದರೆ ಒಪ್ಪುವುದೇಕೆ? ದೇಶಪ್ರೇಮವೊಂದನ್ನೇ ಕಾರಣವೆಂದರೆ ಅಡುಗೆಮನೆಯ ಮೇಜಿನ ಮೇಲೆ ನಡೆಯುವ ಲೆಕ್ಕಾಚಾರವನ್ನು ಮರೆತಂತೆ. ಸಾಮಾನ್ಯ ಮೀಸಲು ಸೈನಿಕನಿಗೆ ಇಪ್ಪತ್ತು ಅರ್ಹ ವರ್ಷ ಮುಗಿದರೂ ಪಿಂಚಣಿ ಕೈಗೆ ಬರುವುದು ಸಾಧಾರಣವಾಗಿ 60ನೆಯ ವಯಸ್ಸಿಗೆ. ಪೂರ್ಣಾವಧಿ ಸೇವೆಯಲ್ಲಿ ಇಪ್ಪತ್ತು ವರ್ಷ ಕೂಡಿಸಿದವನಿಗೆ ನಿವೃತ್ತಿಯಾದ ಕೂಡಲೇ ಬರುತ್ತದೆ. ಮೊದಲು ಮಾಸಿಕ ಕಂತು ಕಟ್ಟಿ ಪಡೆಯಬೇಕಿದ್ದ ಸೇನಾ ಆರೋಗ್ಯ ವಿಮೆ ಈಗ ಇಡೀ ಕುಟುಂಬಕ್ಕೆ ಕಂತಿಲ್ಲದೆ ದೊರೆಯುತ್ತದೆ. ಕೆಲಸ ಹೋದರೆ ವಿಮೆಯೂ ಹೋಗುವ ದೇಶದಲ್ಲಿ ಇದರ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ತೂಕದ ಮಾತು ಬಂದಿತು. ಸರ್ಕಾರದ ಖರ್ಚಿನಲ್ಲಿ ಸಾಗಿಸಬಹುದಾದ ಮನೆಸಾಮಾನಿಗೆ ಹುದ್ದೆಯ ಪ್ರಕಾರ ಮಿತಿಯುಂಟು. ಇ-6 ದರ್ಜೆಯ ಸಾರ್ಜೆಂಟ್ ಒಂಟಿಯಾಗಿದ್ದರೆ 8,000 ಪೌಂಡ್, ಅಂದರೆ ಸುಮಾರು 3,630 ಕಿಲೋ. ಅವಲಂಬಿತರಿದ್ದರೆ 11,000 ಪೌಂಡ್. ಅವಲಂಬಿತರು ಒಬ್ಬರಿರಲಿ ಐವರಿರಲಿ, ಹೆಚ್ಚುವರಿ ಸಿಗುವುದು ಆ 3,000 ಪೌಂಡೇ. ಸೈನಿಕನ ವೃತ್ತಿಸಾಮಗ್ರಿಗೆ ಪ್ರತ್ಯೇಕವಾಗಿ 2,000 ಪೌಂಡ್, ಸಂಗಾತಿಯದಕ್ಕೆ 500. ಯಾರ ವೃತ್ತಿ ಎಷ್ಟು ತೂಗಬೇಕೆಂದು ನಿಯಮಾವಳಿಯೇ ಹೀಗೆ ತಕ್ಕಡಿಯಲ್ಲಿಟ್ಟು ತೋರಿಸಿದೆ. ಒಬ್ಬ ನರ್ಸ್ ಅಥವಾ ಶಿಕ್ಷಕಿ ತನ್ನೊಂದಿಗೆ ಒಯ್ಯಬೇಕಾದದ್ದು ಸಾಮಾನಿಗಿಂತ ಮುಖ್ಯವಾಗಿ ಪರವಾನಗಿ. ಅದನ್ನು ಕೊಡುವುದು ರಾಜ್ಯ ಸರ್ಕಾರ. 2023ರ ಜನವರಿಯಲ್ಲಿ ಕಾನೂನಾದ ತಿದ್ದುಪಡಿಯೊಂದು, ಸೇನಾ ಆದೇಶದಿಂದ ಸ್ಥಳ ಬದಲಿಸುವವರ ವೃತ್ತಿ ಪರವಾನಗಿಗೆ ಹೊಸ ರಾಜ್ಯದಲ್ಲೂ ಮಾನ್ಯತೆ ದೊರೆಯುವಂತೆ ಮಾಡಿತು. ಆಗ ವಕೀಲಿಕೆಯನ್ನು ಅದರಿಂದ ಹೊರಗಿಟ್ಟಿತ್ತು.

ಹೊಸ ಊರು ಎಂಥದು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಕಾಯಂ ಸೈನಿಕನ ಕುಟುಂಬ ಹೋಗಿಳಿಯುವ ನೆಲೆಯಲ್ಲಿ ವಸತಿ, ಆಸ್ಪತ್ರೆ, ಅಂಗಡಿಗಳಿರುತ್ತವೆ. ಪಕ್ಕದ ಮನೆಯವರೂ ಕಳೆದ ವರ್ಷವಷ್ಟೇ ಪೆಟ್ಟಿಗೆ ಬಿಚ್ಚಿದವರಾಗಿರುತ್ತಾರೆ. ಬೆಂಗಳೂರಿನ ದಂಡು ಪ್ರದೇಶವನ್ನು ಬಲ್ಲ ಓದುಗರಿಗೆ ಈ ಏರ್ಪಾಡು ಹೊಸದಲ್ಲ. ವಿಸ್ಕಾನ್ಸಿನ್ನಿನ ಫೋರ್ಟ್ ಮೆಕಾಯ್, ಕ್ಯಾಲಿಫೋರ್ನಿಯಾದ ಫೋರ್ಟ್ ಹಂಟರ್ ಲಿಗೆಟ್‌ನಂಥ ಕೆಲವು ನೆಲೆಗಳನ್ನು ಮೀಸಲು ಪಡೆಯೇ ನಡೆಸುತ್ತದೆ ನಿಜ. ಆದರೆ ಮೀಸಲು ಕೇಂದ್ರಗಳಲ್ಲಿ ಹೆಚ್ಚಿನವು ಸಾಮಾನ್ಯ ನಗರ, ಪಟ್ಟಣಗಳ ನಡುವೆ ಇರುವ ಕಚೇರಿಗಳು. ಸೇನಾ ಆಸ್ಪತ್ರೆಯಿಂದ ಐವತ್ತು ಮೈಲಿಗೂ ಆಚೆ ವಾಸ ಮತ್ತು ಕೆಲಸ ಎರಡೂ ಇರುವವರಿಗಾಗಿಯೇ ಸೇನಾ ವಿಮೆಯಲ್ಲಿ ಬೇರೊಂದು ವಿಭಾಗವಿದೆ. ದೂರ ಉಳಿಯುವವರು ಇರುತ್ತಾರೆಂದು ವ್ಯವಸ್ಥೆಗೇ ಗೊತ್ತು. ನೆರೆಹೊರೆಗೆ ಮಾತ್ರ ಗೊತ್ತಿರುವುದಿಲ್ಲ. ಶಾಲೆಯ ಶಿಕ್ಷಕಿಗೆ ಈ ಮಗು ಸೈನಿಕನದೆಂದು ಯಾರಾದರೂ ಹೇಳಿದರಷ್ಟೇ ತಿಳಿದೀತು.

ಶಾಲೆಯ ವಿಷಯದಲ್ಲೇ ಕಾನೂನುಗಳ ಹೊಂದಾಣಿಕೆಯಿಲ್ಲದಿರುವುದು ಎದ್ದು ಕಾಣುತ್ತದೆ. ಫೆಡರಲ್ ಆದೇಶ ಅಮೆರಿಕದ ಕಾನೂನು ಸಂಹಿತೆಯ ಹತ್ತನೇ ಶೀರ್ಷಿಕೆಯ ಅಡಿ ಹೊರಡುತ್ತದೆ. ರಾಜ್ಯದ ಅಧೀನದಲ್ಲಿದ್ದು ಫೆಡರಲ್ ಸಂಬಳ ಪಡೆಯುವ ನ್ಯಾಷನಲ್ ಗಾರ್ಡಿನ ಪೂರ್ಣಾವಧಿ ಸೈನಿಕರಲ್ಲಿ ಬಹುತೇಕರ ಆದೇಶ ಮೂವತ್ತೆರಡನೆಯದರ ಅಡಿ. ರಾಜ್ಯ ಬದಲಿಸುವ ಸೇನಾ ಮಕ್ಕಳ ದಾಖಲಾತಿ, ತರಗತಿ, ಪದವಿಯ ಅರ್ಹತೆ ಕೆಡದಂತೆ ನೋಡಿಕೊಳ್ಳುವ ಅಂತರರಾಜ್ಯ ಒಪ್ಪಂದಕ್ಕೆ 2014ರ ಹೊತ್ತಿಗೆ ಐವತ್ತೂ ರಾಜ್ಯಗಳು ಸೇರಿದವು. ಅದರ ಮೂಲ ಪಠ್ಯ ಗಾರ್ಡ್ ಮತ್ತು ಮೀಸಲು ಸೈನಿಕರಲ್ಲಿ ಹತ್ತನೇ ಶೀರ್ಷಿಕೆಯವರನ್ನಷ್ಟೇ ಹೆಸರಿಸುತ್ತದೆ. ಶಾಲಾ ಫಲಿತಾಂಶಗಳ ವರದಿಯಲ್ಲಿ ಸೇನಾ ಮಕ್ಕಳನ್ನು ಪ್ರತ್ಯೇಕವಾಗಿ ಗುರುತಿಸಬೇಕೆಂದ 2015ರ ಶಿಕ್ಷಣ ಕಾಯ್ದೆಯಾದರೋ ಪೂರ್ಣಾವಧಿ ಗಾರ್ಡ್ ಸೇವೆಯನ್ನೂ ಸೇರಿಸಿಕೊಂಡಿತು. ಎಣಿಸುವಾಗ ಸೇನಾ ಮಗು ಎನಿಸಿಕೊಂಡದ್ದು ಆಸರೆ ಹಂಚುವಾಗ ಹಾಗೆನಿಸಿಕೊಳ್ಳಲಿಲ್ಲ.

ಬಾಡಿಗೆ ಕರಾರಿನದೂ ಇದೇ ಕಥೆ. 2003ರ ಸೈನಿಕರ ನಾಗರಿಕ ಪರಿಹಾರ ಕಾಯ್ದೆಯ ಪ್ರಕಾರ ವರ್ಗಾವಣೆ ಆದೇಶ ತೋರಿಸಿ ದಂಡವಿಲ್ಲದೆ ಬಾಡಿಗೆ ಮನೆ ಬಿಡಬಹುದು. ಮೂವತ್ತೆರಡನೇ ಶೀರ್ಷಿಕೆಯವರಿಗೆ ಈ ರಕ್ಷಣೆ ಸಿಗಬೇಕಾದರೆ ಅಧ್ಯಕ್ಷರು ಘೋಷಿಸಿದ ರಾಷ್ಟ್ರೀಯ ತುರ್ತು ಪರಿಸ್ಥಿತಿಗಾಗಿ, ಮೂವತ್ತು ದಿನ ಮೀರಿದ ಸೇವೆಯಾಗಿರಬೇಕು. ಪ್ರತಿದಿನದ ಎಜಿಆರ್ ಕೆಲಸ ಅದರೊಳಗೆ ಬರುವುದಿಲ್ಲ. ಕೆಲವು ರಾಜ್ಯಗಳು ತಮ್ಮದೇ ಕಾನೂನಿನಿಂದ ಈ ಕೊರತೆ ತುಂಬಿಕೊಂಡಿವೆ. ಗಾರ್ಡಿನವರ ವರ್ಗಾವಣೆ ಸಾಮಾನ್ಯವಾಗಿ ರಾಜ್ಯದೊಳಗೇ ಆಗುವುದರಿಂದ ತೊಂದರೆ ಕಡಿಮೆ ಎನ್ನಬಹುದು. ನರ್ಸ್‌ನ ಪರವಾನಗಿಗೆ ಧಕ್ಕೆಯಿಲ್ಲ ಎಂಬುದು ನಿಜವಾದ ಲಾಭವೂ ಹೌದು. ಆದರೆ ಟೆಕ್ಸಾಸಿನ ಎಲ್ ಪಾಸೊದಿಂದ ಹ್ಯೂಸ್ಟನ್ನಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಅದೂ ರಾಜ್ಯದೊಳಗೇ.

ಇಲ್ಲಿನ ಓದುಗರಿಗೆ ಹೋಲಿಕೆಯಾಗಿ ನೆನಪಾಗಬಹುದಾದ ಭಾರತದ ಟೆರಿಟೋರಿಯಲ್ ಆರ್ಮಿಯ ತಳಹದಿಯೇ ಬೇರೆ. 1948ರ ಕಾಯ್ದೆಯಿಂದ ರೂಪುಗೊಂಡ ಆ ಪಡೆ, ಸೇರುವವನಿಗೆ ಬೇರೊಂದು ಮುಖ್ಯ ಜೀವನೋಪಾಯವಿರಬೇಕೆಂದು ಬಯಸುತ್ತದೆ. ಅಮೆರಿಕದ ಅನುಭವವನ್ನು ಅದರ ಮೇಲೆ ನೇರವಾಗಿ ಹೊರಿಸುವುದು ಸಲ್ಲದು.

ಕೊನೆಯದಾಗಿ, ಹೊರಡದೇ ಉಳಿಯುವ ಮನೆಗಳನ್ನು ನೋಡಬೇಕು. ಸೈನಿಕ ಹೊಸ ಊರಿನಲ್ಲಿ ಒಂಟಿಯಾಗಿದ್ದು ಕುಟುಂಬ ಹಳೆಯ ಮನೆಯಲ್ಲೇ ಇರುವುದಕ್ಕೆ ಸೇನಾ ಮಂದಿ ‘ಭೌಗೋಳಿಕ ಬ್ರಹ್ಮಚರ್ಯ’ ಎಂಬರ್ಥದ ತಮಾಷೆಯ ಹೆಸರಿಟ್ಟಿದ್ದಾರೆ. ಲೆಕ್ಕ ತಮಾಷೆಯದಲ್ಲ. ವಸತಿ ಭತ್ಯೆ ನಿಗದಿಯಾಗುವುದು ಸಾಮಾನ್ಯವಾಗಿ ಕೆಲಸದ ಊರಿನ ದರದಲ್ಲಿ, ಮನೆಸಾಲದ ಕಂತು ಹಳೆಯ ಊರಿನದು. ಕುಟುಂಬವನ್ನು ಕರೆತರಲು ಸರ್ಕಾರ ಖರ್ಚು ಕೊಡಲು ಸಿದ್ಧವಿದ್ದೂ ಅವರು ತಾವಾಗಿ ಉಳಿದರೆ ಅಗಲಿಕೆಯ ಭತ್ಯೆಯೂ ಇಲ್ಲ. ಆದರೂ ಹೀಗೆ ಮಾಡುವುದರಲ್ಲಿ ಒಂದು ತರ್ಕವಿದೆ. ಮೊದಲ ಎಜಿಆರ್ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಸೇನೆಗೆ ಹೋದವರಿಗೆ ಹಳೆಯ ಕೆಲಸ ಮರಳಿ ಕೊಡಬೇಕೆನ್ನುವ 1994ರ ಕಾನೂನು ಒಬ್ಬ ಉದ್ಯೋಗದಾತನ ಬಳಿಯಿಂದ ಸೇವೆಗೆಂದು ದೂರವಿರುವ ಅವಧಿಗೆ ಹಾಕುವ ಮಿತಿ, ಕೆಲವು ವಿನಾಯಿತಿ ಬಿಟ್ಟರೆ, ಒಟ್ಟು ಐದು ವರ್ಷ. ಅಂದರೆ ಮೊದಲ ಅವಧಿಯುದ್ದಕ್ಕೂ ಹಿಂದಿರುಗುವ ದಾರಿ ತೆರೆದಿರುತ್ತದೆ. ಅಷ್ಟೇ ಉದ್ದದ ಇನ್ನೊಂದು ಅವಧಿಯ ನಡುವೆ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಮನೆ ಮಾರುವ, ಶಾಲೆ ಬಿಡಿಸುವ, ಸಂಗಾತಿಯ ಕೆಲಸ ಬಿಡುವ ನಿಜವಾದ ತೀರ್ಮಾನ ಅನೇಕ ಕುಟುಂಬಗಳಲ್ಲಿ ಬಾಕಿ ಉಳಿಯುವುದು ಎರಡನೆಯ ಆದೇಶಕ್ಕೆ. ಮೊದಲ ಸ್ಥಳಾಂತರದ ಕಷ್ಟಗಳನ್ನಷ್ಟೇ ಕೇಳುವ ಪ್ರಶ್ನಾವಳಿ ಆ ತೀರ್ಮಾನವನ್ನು ಹಿಡಿಯಲಾರದು. ಸಂದರ್ಶಕರು ಈ ಮನೆಗಳ ಬಾಗಿಲು ತಟ್ಟಬೇಕಾದದ್ದು ಮೂರನೆಯ ವರ್ಷದ ಕೊನೆಗೆ.