ಸೀರೆಯ ವಯಸ್ಸೆಷ್ಟು?

ಹೆಂಗಸರ ವಯಸ್ಸು ಕೇಳಬಾರದು ಅನ್ನುತ್ತಾರೆ. ಅವರ ಸೀರೆಯ ವಯಸ್ಸನ್ನು ಮಾತ್ರ ಧಾರಾಳವಾಗಿ ಕೇಳಬಹುದು, ಅದು ಮುಚ್ಚಿಡುವುದಿಲ್ಲ. ಆದರೆ ಕೇಳುವವರಿಲ್ಲದೆ ಎಷ್ಟೋ ಹಳೆಯ ಸೀರೆಗಳು ಜರಿ ಕೊಳ್ಳುವವರ ತಕ್ಕಡಿಗೆ ಹೋಗುತ್ತಿವೆ. ಅದನ್ನು ಸುಟ್ಟರೆ ಬೆಳ್ಳಿ ಸಿಗುತ್ತದೆ, ಉಳಿದದ್ದೆಲ್ಲ ಬೂದಿ.

ರಾಜಾಜಿನಗರ, ಮಾಗಡಿ ರಸ್ತೆಯ ಕಡೆಯವರಿಗೆ ಈ ಮಾತು ಹೆಚ್ಚು ತಟ್ಟಬೇಕು. ಒಂದು ಕಾಲಕ್ಕೆ ಇಲ್ಲಿ ಎಷ್ಟೋ ಮನೆಗಳಿಗೆ ಬಟ್ಟೆಯೇ ಅನ್ನ. 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿ, ಮಿನರ್ವ ಮಿಲ್, ಮಲ್ಲೇಶ್ವರದ ಅಂಚಿನ ರಾಜಾ ಮಿಲ್ ಎಲ್ಲವೂ ಈಗ ಹೆಸರಿಗಷ್ಟೇ ಉಳಿದಿವೆ. 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮಿನರ್ವದ ಹೆಸರು ಕಾನೂನಿನ ಪುಸ್ತಕ ಸೇರಿತು. ಆ ಕಾಲದ ಹೆಂಗಸರ ಹೆಸರು ಯಾವ ಪುಸ್ತಕದಲ್ಲಿದೆ? ಅವರ ದಾಖಲೆ ಅವರ ಟ್ರಂಕಿನಲ್ಲಿದೆ.

ಮೊದಲು ಸೀರೆಯನ್ನು ಅಳೆಯಿರಿ. ಹದಿನೆಂಟು ಮೊಳವೆಂದರೆ ಒಂಬತ್ತು ಗಜ, ಕಚ್ಚೆ ಹಾಕಿ ಉಡುವ ಸೀರೆ. ಆರು ಗಜದ್ದಾದರೆ ಒಳಲಂಗದ ಮೇಲೆ ಉಟ್ಟದ್ದು. ಎಷ್ಟೋ ಮನೆಗಳಲ್ಲಿ ತಾಯಿ ಹದಿನೆಂಟು ಮೊಳ ಬಿಡಲಿಲ್ಲ, ಸ್ಕೂಲು ಆಫೀಸಿಗೆ ಹೊರಟ ಮಗಳು ಆರು ಗಜಕ್ಕೆ ಬಂದಳು.

ಮಿಲ್ ಬಟ್ಟೆಯಾದರೆ, ಅದರಲ್ಲೂ ಉಡದೆ ಇಟ್ಟದ್ದಾದರೆ, ತುದಿಯಲ್ಲಿ ಮುದ್ರೆ ಹುಡುಕಿ. ಬೆಲೆ ರೂಪಾಯಿ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ ಅಲ್ಲಿಂದ 1964ರವರೆಗಿನದು. ಆಮೇಲೆ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಗಜ ಹೋಗಿ ಮೀಟರ್ ಬಂದದ್ದೂ ಸುಮಾರು ಇದೇ ಕಾಲದಲ್ಲಿ. ಅಂಗಡಿಯ ಡಬ್ಬಿ ಸಿಕ್ಕರೆ ಎಸೆಯಬೇಡಿ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಅಂಗಡಿಯವರು ಹಳೆ ಡಬ್ಬಿ ಖರ್ಚು ಮಾಡುವುದುಂಟು, ನಮ್ಮವರು ಹಳೆ ಡಬ್ಬಿಯಲ್ಲಿ ಹೊಸ ಸೀರೆ ಇಡುವುದೂ ಉಂಟು. ಆದ್ದರಿಂದ ಒಂದೇ ಸಾಕ್ಷಿಯನ್ನು ನಂಬಬೇಡಿ.

ರೇಷ್ಮೆಯಾದರೆ ಕೈಯೇ ಹೇಳುತ್ತದೆ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಸರ್ಕಾರಿ ನೇಯ್ಗೆ ಕಾರ್ಖಾನೆಯ ಕ್ರೇಪ್ ಸೀರೆ ಬಿಗಿಯಾಗಿ ಹುರಿ ಮಾಡಿದ ನೂಲಿನದು. ಮೈಗೆ ಅಂಟದೆ ಜಾರಿ ನಿಲ್ಲುತ್ತದೆ. ಒಡಲು ಒಂದೇ ಬಣ್ಣ, ಅಂಚಿಗೆ ತೆಳು ಜರಿ. ಜರಿಯ ಅನುಮಾನವಿದ್ದರೆ ತುದಿಯಿಂದ ಒಂದೇ ಒಂದು ಎಳೆ ಬಿಚ್ಚಿ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಂತಿ ಸುತ್ತಿ ಚಿನ್ನದ ನೀರು ಕೊಟ್ಟಿರುತ್ತಾರೆ. ಕಪ್ಪಾಗಿದೆ ಎಂದು ಹೀಗಳೆಯಬೇಡಿ; ಬೆಳ್ಳಿ ಕಪ್ಪಾಗುವುದೇ ಅದರ ಗುಣ. ನೈಲಾನ್ ಸಿಕ್ಕರೂ ನಗಬೇಡಿ. ಅರವತ್ತರ ದಶಕದಲ್ಲಿ ಅದೇ ಬೆರಗು: ಒಗೆದು ಹರವಿದರೆ ಅಡುಗೆ ಮುಗಿಯುವಷ್ಟರಲ್ಲಿ ಒಣಗುತ್ತಿತ್ತು, ಇಸ್ತ್ರಿ ಬೇಡ. ದುಡಿಯಲು ಹೋಗುವವಳಿಗೆ ಅದಕ್ಕಿಂತ ಇನ್ನೇನು ಬೇಕು?

ರವಿಕೆಯನ್ನು ಮಾತ್ರ ತಿರುವಿ ನೋಡಿ. ಬುಗ್ಗೆ ಕೈಯೋ, ಮೊಣಕೈವರೆಗಿನ ತೋಳೋ ಎನ್ನುವುದು ಹೊರಗಿನ ಮಾತು. ಒಳಗೆ ಬಿಟ್ಟ ಬಟ್ಟೆಯಲ್ಲಿ ಮನೆಯ ಮಾತಿದೆ. ನಮ್ಮ ಅತ್ತೆಯವರ ಒಂದು ರವಿಕೆಯಲ್ಲಿ ಹೊಲಿಗೆ ಬಿಚ್ಚಿದ ತೂತುಗಳ ಸಾಲು ಮೂರಿವೆ. ಅವರಿಗೆ ಮಕ್ಕಳೂ ಮೂವರು. ಹೊಸ ರವಿಕೆಯ ದುಡ್ಡು ಯಾರ ಸ್ಕೂಲ್ ಫೀಜಿಗೆ ಹೋಯಿತೋ, ಅವರು ಹೇಳಿದವರಲ್ಲ. ಜರಿ ತೂಗುವ ತಕ್ಕಡಿಯಲ್ಲಿ ಆ ರವಿಕೆಗೆ ಮೂರು ಕಾಸಿನ ಬೆಲೆಯಿಲ್ಲ.

ಎಲ್ಲವನ್ನೂ ಇಟ್ಟುಕೊಳ್ಳಲು ಈಗಿನ ಮನೆಗಳಲ್ಲಿ ಜಾಗವಿಲ್ಲ, ನಿಜ. ಒಂದೆರಡನ್ನಾದರೂ ಇಡಿ. ಹಳೆ ಪಂಚೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಾಯಿಸಿ. ಒಂದೇ ಮಡಿಕೆಯಲ್ಲಿ ಬಿಟ್ಟರೆ ರೇಷ್ಮೆ ಅಲ್ಲಿಯೇ ಸೀಳುತ್ತದೆ. ಜೊತೆಗೆ ಒಂದು ಚೀಟಿ ಇಡಿ: ಯಾರದು, ಯಾವಾಗ ಕೊಂಡದ್ದು, ಯಾವ ಶುಭಕ್ಕೆ ಉಟ್ಟದ್ದು. ಮಾರುವುದೇ ಆದರೂ ಮಾರುವ ಮುನ್ನ, ಹೇಳಬಲ್ಲ ಹಿರಿಯರಿದ್ದರೆ, ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಕೇಳಿಕೊಳ್ಳಿ.