ಗೊಂಬಿಮನಿ ಭಾಂಡೆಯಿಂದ ಶಂಟಿಂಗ್ ಎಂಜಿನ್ ತನಕ

ಶಂಟಿಂಗ್ ಎಂಜಿನ್ ನೋಡೀರಲ್ಲ? ಸ್ಟೇಷನ್ ಯಾರ್ಡಿನೊಳಗ ಹಿಂದ ಮುಂದ ಓಡಾಡಿ ಡಬ್ಬಿ ಜೋಡಸೂದು, ಬಿಡಸೂದು ಇದರ ಕೆಲಸ. ದೂರದ ಊರಿಗೆ ಹೋಗೂದಿಲ್ಲ. ಆದ್ರ ಇದು ಡಬ್ಬಿ ಜೋಡಿಸಿ ಕೊಡದಿದ್ರ ಯಾವ ಗಾಡಿನೂ ಹೊರಡಂಗಿಲ್ಲ.

ಇಂಥಾ ಎಂಜಿನ್ನಿನ ಆಟಿಗಿ ಮಾಡಿ ಹೆಸರಾದದ್ದು ಜರ್ಮನಿಯ ಮೆರ್ಕ್ಲಿನ್ ಕಂಪನಿ. ಇದರ ಮೂಲ ಮಾತ್ರ ಅಡಗಿಮನಿ ನೋಡ್ರಿ! 1859ರಾಗ ಗೊಪ್ಪಿಂಗನ್ ಊರಾಗ ಥಿಯೋಡರ್ ಮೆರ್ಕ್ಲಿನ್ ಗೊಂಬಿಮನಿಗೆ ತಗಡಿನ ಸಣ್ಣ ಸಣ್ಣ ಭಾಂಡೆ ಮಾಡಾಕ ಸುರು ಮಾಡಿದ. ಹೆಂಡತಿ ಕ್ಯಾರೋಲಿನ್ ಊರೂರು ತಿರಗಿ ಮಾರತಿದ್ಲು. 1866ರಾಗ ಗಂಡ ತೀರಿಕೊಂಡ. ಆಕಿ ಕೈಚೆಲ್ಲಿ ಕೂಡಲಿಲ್ಲ. 1888ರಾಗ ಮಕ್ಕಳು ವಹಿಸಿಕೊಳ್ಳೂ ತನಕ ಧಂಧೆ ಮುಳುಗದಂಗ ನೋಡಿಕೊಂಡ್ಲು. 1891ರಾಗ ಮಕ್ಕಳು ಲೈಪ್‌ಜಿಗ್ ಮೇಳದಾಗ ಕೀಲಿ ಕೊಟ್ರ ಓಡೋ ರೈಲು ಇಟ್ರು, ಹಳಿ ಸಮೇತ.

1935ರಾಗ ಹಳಿ 16.5 ಮಿಲಿಮೀಟರಿಗೆ ಇಳೀತು. ಮೇಜಿನ ಮ್ಯಾಲೇ ರೈಲು ಓಡಿಸಬಹುದಾತು. ಎರಡನೇ ಮಹಾಯುದ್ಧ ಮುಗದ ಮ್ಯಾಲೆ, 1950ರ ದಶಕದಾಗ, 89ನೇ ಮಾದರಿಯ ಶಂಟಿಂಗ್ ಎಂಜಿನ್ನಿನ ಆಟಿಗಿ ಬಂತು. ಆರು ಗಾಲಿ, ಅಂಗೈಯಾಗ ಕೂಡೂವಷ್ಟು ಮೈ. ನಿಜವಾದ ಎಂಜಿನ್ ಕಟ್ಟಿದ್ದು ಬರೇ 10, ಆಟಿಗಿ ಮಾತ್ರ ಎಷ್ಟೋ ಹುಡುಗರಿಗೆ ಮೊದಲನೇ ಎಂಜಿನ್ ಆತು. ಗುಂಡಿ ತಿರುವಿ ಗಳಿಗೆ ಹೊತ್ತು ಹೆಚ್ಚಿನ ಕರೆಂಟ್ ಕೊಟ್ರ ಒಳಗಿನ ಸ್ವಿಚ್ ಹೊಳ್ಳಿ ಎಂಜಿನ್ ಹಿಂದಕ್ಕ ಓಡತಿತ್ತು. ಕೈ ಹಚ್ಚದ ಶಂಟಿಂಗ್!

ಮೆರ್ಕ್ಲಿನ್ ಅಂದ್ರ ಈಗ ಎಲ್ಲಾರೂ ರೈಲು ನೆನಸ್ತಾರ. ಆ ಮನಿತನದ ಡಬ್ಬಿ ಜೋಡಿಸಿ ಹಳಿಗೆ ಹಚ್ಚಿದಾಕಿ ಕ್ಯಾರೋಲಿನ್. ಆಕಿ ಹೆಸರೂ ಒಂದೀಟು ನೆನಪಿರಲಿ.